ದುರ್ಗದ ಕೋರ್ಟಿನಿಂದ ಹೊರಟ ವಕೀಲ: ಎಸ್. ನಿಜಲಿಂಗಪ್ಪನವರ ರಾಜಕಾರಣ

(ಚಿತ್ರದುರ್ಗದಲ್ಲಿ ಕಿರಿಯ ವಕೀಲರು ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

1947ರಿಂದ 1971ರವರೆಗೆ ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ಆದವರ ಹೆಸರು ಒಮ್ಮೆ ಎಣಿಸಿ ನೋಡಿ. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ. ಏಳು ಜನ. ಏಳೂ ಜನ ಕಾನೂನು ಓದಿದವರು. ಅವರ ನಂತರ ಬಂದ ದೇವರಾಜ ಅರಸು ಬಿ.ಎಸ್ಸಿ. ಓದಿದವರು. ಆ ಸಾಲು ಅಲ್ಲಿಗೆ ನಿಂತಿತು.

ಇದು ಸುಮ್ನೆ ಹಾಗೆ ಆದದ್ದಲ್ಲ. ಆ ಕಾಲದ ಮುನ್ಸೀಫ್ ಕೋರ್ಟಿನ ಅಂಗಳ ಹೇಗಿತ್ತು ಅಂತ ಯೋಚನೆ ಮಾಡಿ. ರೈತನೊಬ್ಬ ಬೆಳಗಿನ ಜಾವವೇ ಎದ್ದು, ನಡೆದೋ ಗಾಡಿ ಕಟ್ಟಿಕೊಂಡೋ ಬಂದಿರುತ್ತಾನೆ. ಬಗಲಲ್ಲಿ ಒಂದು ಬಟ್ಟೆ ಗಂಟು. ಗಂಟು ಬಿಚ್ಚಿದರೆ ತಾತನ ಕಾಲದ ಕ್ರಯಪತ್ರ, ಕಂದಾಯ ಕಟ್ಟಿದ ರಸೀದಿ, ಸಾಹುಕಾರ ಹೆಬ್ಬೆಟ್ಟು ಒತ್ತಿಸಿಕೊಂಡ ಸಾಲದ ಪತ್ರದ ನಕಲು. ಒಂದೂ ಅವನಿಗೆ ಓದಲು ಬರುವುದಿಲ್ಲ. ಅದರಲ್ಲಿ ಏನು ಬರೆದಿದೆ ಅಂತ ಓದಿ ಹೇಳುವವನು ವಕೀಲ. ಅಮಲ್ದಾರ, ಅಂದರೆ ತಾಲೂಕಿನ ಅಧಿಕಾರಿ, ಏನು ಮಾಡಬಹುದು, ಏನು ಮಾಡುವ ಹಾಗಿಲ್ಲ ಅಂತ ಹೇಳುವವನೂ ವಕೀಲನೇ. ಸಂಸ್ಥಾನದ ಆಡಳಿತಕ್ಕೆ ಎದುರು ನಿಂತು "ಈ ಆದೇಶ ತಪ್ಪು" ಅಂತ ಹೇಳಿ, ಸಂಬಳಕ್ಕೋ ಕೆಲಸಕ್ಕೋ ಹೆದರದೆ ಮನೆಗೆ ಹೋಗಬಲ್ಲ ವಿದ್ಯಾವಂತರು ಆಗ ಜಾಸ್ತಿ ಇರಲಿಲ್ಲ. ಮೇಷ್ಟ್ರಿಗೂ ಗುಮಾಸ್ತರಿಗೂ ಸರ್ಕಾರದ ಸಂಬಳ. ವಕೀಲನಿಗೆ ಮಾತ್ರ ಕಕ್ಷಿದಾರನ ಫೀಸು. ಊರಿನ ರಾಜಕಾರಣ ವಕೀಲರ ಆಫೀಸಿನಿಂದ ಹೊರಟದ್ದಕ್ಕೆ ಇದು ದೊಡ್ಡ ಕಾರಣ.

ಹಾಗೆ ಹೊರಟವರಲ್ಲಿ ನಮ್ಮ ಚಿತ್ರದುರ್ಗದ ನಿಜಲಿಂಗಪ್ಪನವರು ಬಹಳ ದೂರ ಹೋದವರು. ಅವರ ಬಗ್ಗೆ ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಅವರು ಕೋರ್ಟು ಬಿಟ್ಟರು, ಕೋರ್ಟಿನ ಅಭ್ಯಾಸ ಬಿಡಲಿಲ್ಲ. ಕಾಗದ ನೋಡುವುದು, ನಿಯಮ ನೋಡುವುದು, ಸಭೆಯ ನಿರ್ಣಯ ನೋಡುವುದು. ಈ ರಾಜ್ಯಕ್ಕೆ ಅವರು ಮಾಡಿದ ದೊಡ್ಡ ಕೆಲಸ ಅದರಿಂದಲೇ ಆಯಿತು. 1969ರಲ್ಲಿ ಅವರು ಸೋತದ್ದೂ ಅದೇ ಅಭ್ಯಾಸದಿಂದ ಅಂತ ನನ್ನ ಅಭಿಪ್ರಾಯ.

ಅವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲೂಕಿನ ಹಲುವಾಗಲು ಗ್ರಾಮದಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, ಆಮೇಲೆ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಐದು ವರ್ಷದ ಹುಡುಗನಿದ್ದಾಗಲೇ ತಂದೆ ತೀರಿಕೊಂಡರು. ಅಜ್ಜನ, ಅಂದರೆ ತಾಯಿಯ ತಂದೆಯ, ಆಸರೆಯಲ್ಲಿ ಬೆಳೆದರು. ದಾವಣಗೆರೆಯಲ್ಲಿ ವೀರಪ್ಪ ಮೇಷ್ಟ್ರು ಅಂತ ಹಳೇ ಕಾಲದ ಗುರುಗಳು ಅವರಿಗೆ ಅಕ್ಷರ ಕಲಿಸಿದರು. ಬಸವಣ್ಣನವರ ವಿಚಾರ ತಲೆಗೆ ಹತ್ತಿದ್ದು ಅಲ್ಲಿಯೇ. 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಆಯಿತು.

ಕಾನೂನು ಓದಲು ಪುಣೆಗೆ ಹೋದರು. ಆಗ ಮೈಸೂರು ಸಂಸ್ಥಾನದ ಹುಡುಗರು ಲಾ ಓದಬೇಕಾದರೆ ಹೊರಗೆ ಹೋಗಬೇಕಿತ್ತು. ಬೆಂಗಳೂರಿನಲ್ಲಿ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಶುರುವಾದದ್ದು 1948ರಲ್ಲಿ. ಪುಣೆಯ ಐಎಲ್ಎಸ್ (ಇಂಡಿಯನ್ ಲಾ ಸೊಸೈಟಿ) ಕಾಲೇಜು ಶುರುವಾದದ್ದು 1924ರಲ್ಲಿ. ನಿಜಲಿಂಗಪ್ಪ ಅಲ್ಲಿಂದ 1926ರಲ್ಲಿ ಪದವಿ ಪಡೆದು ಹೊರಬಂದರು. ಅಂದರೆ ಆ ಕಾಲೇಜಿನ ಮೊದಮೊದಲ ವಿದ್ಯಾರ್ಥಿಗಳಲ್ಲಿ ನಮ್ಮವರೂ ಒಬ್ಬರು.

ಈಗ ಒಂದು ವಿಷಯ ಗಮನಿಸಿ. ಹುಟ್ಟಿದ್ದು ಮದ್ರಾಸಿನ ಆಡಳಿತದಲ್ಲಿ. ಬೆಳೆದು ಓದಿದ್ದು ಮೈಸೂರಿನಲ್ಲಿ. ಲಾ ಓದಿದ್ದು ಬೊಂಬಾಯಿ ಪ್ರಾಂತ್ಯದಲ್ಲಿ. ಇಪ್ಪತ್ನಾಲ್ಕು ತುಂಬುವುದರೊಳಗೆ ಮೂರು ಸರ್ಕಾರಗಳ ಕಾಗದ ನೋಡಿದ್ದಾಯಿತು. ಆಮೇಲೆ ದಾವಣಗೆರೆಯಲ್ಲಿ, ಚಿತ್ರದುರ್ಗದಲ್ಲಿ ವಕೀಲಿ ಶುರು ಮಾಡಿದರು. ಇದು ಗಡಿಭಾಗದ ವಕೀಲಿ. ದಾವಣಗೆರೆಯ ದಲ್ಲಾಳಿ ಮಂಡಿಗೆ ಹರಪನಹಳ್ಳಿಯಿಂದ ಹತ್ತಿ ತಂದವನ ಹೊಲ ಮದ್ರಾಸಿನ ಕಾನೂನಿನಲ್ಲಿ, ಹತ್ತಿ ಕೊಂಡವನ ಮಂಡಿ ಮೈಸೂರಿನ ಕಾನೂನಿನಲ್ಲಿ. ಹೆಣ್ಣು ಕೊಟ್ಟು ತಂದ ಊರುಗಳು ಒಂದೇ ಭಾಷೆಯವು, ಆಸ್ತಿ ತಕರಾರು ಬಂದರೆ ಕೋರ್ಟುಗಳು ಮಾತ್ರ ಬೇರೆ. ಕನ್ನಡ ನಾಡು ಒಂದಾಗಬೇಕು ಅನ್ನುವುದು ಧಾರವಾಡದ ಕಡೆ ಸಾಹಿತ್ಯದ ಕನಸಾಗಿ ಬೆಳೆಯಿತು. ಇಲ್ಲಿನ ವಕೀಲನಿಗೆ ಅದು ದಿನದ ಕಷ್ಟವೂ ಆಗಿತ್ತು. ಏಕೀಕರಣದ ಮಾತು ಬಂದಾಗ ನಾವು ಈ ಕಡೆ ಅಷ್ಟಾಗಿ ನೋಡುವುದಿಲ್ಲ, ಅಲ್ವಾ?

ಕಾಂಗ್ರೆಸ್ಸಿಗೆ ಅವರು ಸ್ವಯಂಸೇವಕರಾಗಿ ಬಂದವರು. 1936ರ ಹೊತ್ತಿಗೆ ಕಾಂಗ್ರೆಸ್ ಸೇವಾದಳ ಕಟ್ಟಿದ ಹುಬ್ಬಳ್ಳಿಯ ನಾ.ಸು. ಹರ್ಡೀಕರರ ಒಡನಾಟದಲ್ಲಿ ಪೂರ್ತಿ ತೊಡಗಿಕೊಂಡರು. 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ವಿದುರಾಶ್ವತ್ಥದ ಗೋಲಿಬಾರು. ಇಡೀ ಸಂಸ್ಥಾನವೇ ಕುದಿಯುತ್ತಿತ್ತು. ಅದರ ಮರುವರ್ಷ ನಮ್ಮ ತುರುವನೂರಿನ ಸರದಿ.

ತುರುವನೂರು ಸತ್ಯಾಗ್ರಹದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ನಮ್ಮ ತಾಲೂಕಿನದೇ ಕಥೆ. ಆ ಕಡೆ ಹಳ್ಳದ ಸಾಲಿನಲ್ಲಿ ಈಚಲು ಮರಗಳು. ಈಚಲಿನಿಂದ ಸೇಂದಿ. ಸೇಂದಿ ಇಳಿಸುವ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಅಬಕಾರಿ ಸಂಸ್ಥಾನದ ಬೊಕ್ಕಸಕ್ಕೆ ಮುಖ್ಯ ಆದಾಯ. ಕೂಲಿ ಮಾಡಿದವನ ದುಡ್ಡು ಸಂಜೆ ಸೇಂದಿ ಅಂಗಡಿಗೆ, ಅಲ್ಲಿಂದ ಗುತ್ತಿಗೆದಾರನಿಗೆ, ಅಲ್ಲಿಂದ ಸರ್ಕಾರಕ್ಕೆ. ಪಾನನಿರೋಧ ಗಾಂಧೀಜಿಯವರ ಕಾರ್ಯಕ್ರಮ. ಅಂಗಡಿ ಮುಂದೆ ಕೂತು ಕುಡಿಯಬೇಡಿ ಅಂತ ಕೈಮುಗಿಯುವುದು ಒಂದು ದಾರಿ. ತುರುವನೂರಿನಲ್ಲಿ ಹಿಡಿದದ್ದು ಇನ್ನೊಂದು ದಾರಿ. ಆದಾಯದ ಮರವನ್ನೇ ಕಡಿಯುವುದು. ಹಗಲು ಹೊತ್ತಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಪೊಲೀಸರು ಬರುತ್ತಾರೆ ಅಂತ ಗೊತ್ತಿದ್ದೂ ಕೊಡಲಿ ಹಾಕುವುದು.

ಅದರ ಮುಂದಾಳು ಒಬ್ಬ ವಕೀಲ. ಇದನ್ನು ವಕೀಲರಾಗಿ ನೀವು ಯೋಚನೆ ಮಾಡಬೇಕು. ಹಳ್ಳಿಯವನಿಗೆ ಜೈಲು ಅಂದರೆ ಕೆಲವು ತಿಂಗಳು ಹೊಲ ಪಾಳು ಬೀಳುವುದು. ಅದೇನು ಸಣ್ಣ ನಷ್ಟ ಅಲ್ಲ. ವಕೀಲನಿಗೆ ಅದರ ಮೇಲೆ ಇನ್ನೊಂದು ಭಯ ಇರುತ್ತದೆ. ಸರ್ಕಾರಿ ಮರ ಕಡಿಯುವುದು ಯಾವ ಅಪರಾಧ, ಅದಕ್ಕೆ ಎಷ್ಟು ಶಿಕ್ಷೆ ಅಂತ ಅವನಿಗೆ ಮೊದಲೇ ಗೊತ್ತು. ಶಿಕ್ಷೆಯಾದ ವಕೀಲನ ಸನ್ನದು ಉಳಿಯುತ್ತದೆ ಎಂಬ ಭರವಸೆ ಆಗ ಇರಲಿಲ್ಲ. ಸನ್ನದು ಹೋದರೆ ಕೋರ್ಟಿನ ಮೆಟ್ಟಿಲು ಹತ್ತುವ ಹಾಗಿಲ್ಲ. ಮೂವತ್ತಾರು ವಯಸ್ಸಿನ ಸಂಸಾರಸ್ಥ, ಹತ್ತು ವರ್ಷಕ್ಕೂ ಜಾಸ್ತಿ ಕಷ್ಟಪಟ್ಟು ಕಟ್ಟಿಕೊಂಡ ವಕೀಲಿಯನ್ನು ಪಣಕ್ಕಿಟ್ಟರು. ಬಂಧನವಾಯಿತು, ಜೈಲು ಆಯಿತು.

ಇಲ್ಲಿ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ದಾವಣಗೆರೆಯ ಬಳ್ಳಾರಿ ಸಿದ್ಧಮ್ಮ. ಇದೇ ಜಿಲ್ಲೆಯ ಅರಣ್ಯ ಸತ್ಯಾಗ್ರಹದಲ್ಲಿ ಅವರೂ ಜೈಲಿಗೆ ಹೋದರು, ಮುಂದೆ ಶಾಸಕಿಯೂ ಆದರು. ಅವರ ಹತ್ತಿರ ಲಾ ಪದವಿ ಇರಲಿಲ್ಲ. ಚಳವಳಿಯಲ್ಲಿ ವಕೀಲರ ಹೆಸರು ಮುಂದೆ ಬರುತ್ತದೆ, ಯಾಕೆಂದರೆ ಅರ್ಜಿ, ನಿರ್ಣಯ, ವರದಿ ಎಲ್ಲ ಬರೆದವರು ವಕೀಲರೇ. ಜೈಲಿಗೆ ಹೋದ ಬಹಳ ಜನ ಏನನ್ನೂ ಬರೆದಿಡಲಿಲ್ಲ.

ಆಮೇಲಿನ ಹತ್ತು ವರ್ಷ ಬೇಗ ಹೇಳಿ ಮುಗಿಸುತ್ತೇನೆ. ಕಾಂಗ್ರೆಸ್ 1920ರಲ್ಲೇ ಭಾಷೆಯ ಆಧಾರದ ಮೇಲೆ ಪ್ರಾಂತ್ಯ ಸಮಿತಿಗಳನ್ನು ಮಾಡಿಕೊಂಡಿತ್ತು. ಸರ್ಕಾರದ ನಕ್ಷೆಯಲ್ಲಿ ಇಲ್ಲದ ಕರ್ನಾಟಕ ಕಾಂಗ್ರೆಸ್ಸಿನ ನಕ್ಷೆಯಲ್ಲಿ ಇತ್ತು. ಆ ಕರ್ನಾಟಕ ಪ್ರಾಂತ್ಯ ಸಮಿತಿಗೆ ನಿಜಲಿಂಗಪ್ಪ ಅಧ್ಯಕ್ಷರಾದರು. ಸಂವಿಧಾನ ಸಭೆಯಲ್ಲೂ ಇದ್ದರು. ಅಲ್ಲಿ ಅವರು ಕೂತದ್ದು ಬೊಂಬಾಯಿ ಪ್ರಾಂತ್ಯದ ಪ್ರತಿನಿಧಿಯಾಗಿ. ನಮ್ಮ ಭಾಗದ ಎಚ್. ಸಿದ್ಧವೀರಪ್ಪನವರು ಅದೇ ಸಭೆಯಲ್ಲಿ ಮೈಸೂರಿನ ಪ್ರತಿನಿಧಿ. ದಾವಣಗೆರೆಯಲ್ಲಿ ಸಿದ್ಧವೀರಪ್ಪ ಬಡಾವಣೆ ಅಂತ ನಾವು ದಿನಾ ಹೇಳುವ ಹೆಸರು ಅವರನ್ನೇ ನೆನಪಿಸಬೇಕು.

ಏಕೀಕರಣದ ವಿಷಯದಲ್ಲಿ ನಿಜಲಿಂಗಪ್ಪನವರ ಮೇಲೆ ಎರಡೂ ಕಡೆಯಿಂದ ಒತ್ತಡ ಇತ್ತು. ಹಳೇ ಮೈಸೂರಿನಲ್ಲಿ ಬಹಳ ಜನರಿಗೆ ಇದು ಬೇಡವಾಗಿತ್ತು. ನಮ್ಮ ಕನ್ನಂಬಾಡಿ, ನಮ್ಮ ಕಾರ್ಖಾನೆ, ನಮ್ಮ ದುಡ್ಡು ಬಡ ಜಿಲ್ಲೆಗಳಿಗೆ ಹೋಗುತ್ತದೆ ಅನ್ನುವ ಅಂಜಿಕೆ. ಅಧಿಕಾರ ಯಾವ ಜಾತಿಯ ಕೈಗೆ ಹೋಗುತ್ತದೋ ಎಂಬ ಲೆಕ್ಕವೂ ಇತ್ತು. ಅದನ್ನು ಮುಚ್ಚಿಟ್ಟು ಇತಿಹಾಸ ಹೇಳಬಾರದು. ಹನುಮಂತಯ್ಯನವರು ತಮ್ಮ ಕಡೆಯವರ ವಿರೋಧ ಕಟ್ಟಿಕೊಂಡು ಏಕೀಕರಣಕ್ಕೆ ಒಪ್ಪಿದರು. ಅದು ಸಣ್ಣ ಮಾತಲ್ಲ. ಇನ್ನೊಂದು ಕಡೆ ಉತ್ತರದಲ್ಲಿ ಜನರ ತಾಳ್ಮೆ ಮುಗಿದಿತ್ತು. 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತರು. ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ಸಮಿತಿಯ ಸಭೆ ನಡೆದಾಗ ಹೊರಗೆ ಸೇರಿದ ಜನ ಸಿಟ್ಟಿಗೆದ್ದರು, ಗಲಭೆಯಾಯಿತು. ರಾಜೀನಾಮೆ ಕೊಟ್ಟು ಹೊರಗೆ ಬನ್ನಿ ಅಂತ ಒತ್ತಾಯ. ನಿಜಲಿಂಗಪ್ಪ ಆ ದಾರಿ ಹಿಡಿಯಲಿಲ್ಲ. ನಿರ್ಣಯ, ಮನವಿ, ದೆಹಲಿಗೆ ನಿಯೋಗ, ಮತ್ತೆ ಮನವಿ. 1953ರ ಕೊನೆಗೆ ರಾಜ್ಯಗಳ ಮರುವಿಂಗಡಣೆಗೆ ಫಜಲ್ ಅಲಿ ಆಯೋಗ ಬಂತು, 1955ರಲ್ಲಿ ವರದಿ ಬಂತು, 1956ರ ನವೆಂಬರ್ 1ಕ್ಕೆ ರಾಜ್ಯ ಬಂತು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಹೋಗಿದ್ದವರು ವಾಪಸ್ ಬಂದು, ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿ ಆದರು. ಬೀದಿಯ ಸಿಟ್ಟು ಇಲ್ಲದೆ ಬರೀ ಮನವಿಯಿಂದ ರಾಜ್ಯ ಬರುತ್ತಿತ್ತು ಅಂತ ನಾನು ಹೇಳುವುದಿಲ್ಲ. ಎರಡೂ ಬೇಕಿತ್ತು. ಅವರು ಮನವಿಯ ಕಡೆ ನಿಂತರು.

ನವೆಂಬರ್ 1ರಂದು ನಾವು ಬಾವುಟ ಹಾರಿಸುತ್ತೇವೆ, ರಾಜ್ಯ ಒಂದಾದ ದಿನ ಅಂತ. ನಕ್ಷೆ ಒಂದಾದದ್ದು ಆ ದಿನ, ನಿಜ. ಕಾನೂನು ಒಂದಾಗಲಿಲ್ಲ. ಅವತ್ತು ಬೆಳಗಾವಿಯ ರೈತನಿಗೆ 1879ರ ಬೊಂಬಾಯಿ ಕಂದಾಯ ಸಂಹಿತೆ, ನಮ್ಮ ದುರ್ಗದ ರೈತನಿಗೆ 1888ರ ಮೈಸೂರು ಕಂದಾಯ ಸಂಹಿತೆ, ಕಲಬುರಗಿಯವನಿಗೆ ಹೈದರಾಬಾದಿನ ಕಾಯ್ದೆ, ಬಳ್ಳಾರಿಗೆ ಮದ್ರಾಸಿನದು, ಕೊಡಗಿಗೆ ಕೊಡಗಿನದೇ. ಊರ ಪುರಸಭೆಗೂ ಹೀಗೇ. ಹುಬ್ಬಳ್ಳಿಗೆ ಬೊಂಬಾಯಿ ಕಾನೂನು, ಹೊಸಪೇಟೆಗೆ ಮದ್ರಾಸಿನ 1920ರ ಕಾಯ್ದೆ, ದಾವಣಗೆರೆಗೆ ಮೈಸೂರಿನ ಕಾಯ್ದೆ. ಚರಂಡಿ ತೆರಿಗೆಗೆ ಮೇಲ್ಮನವಿ ಹಾಕಬೇಕಾದರೂ ನಿಮ್ಮ ಊರು ಹಿಂದೆ ಯಾರ ಕೈಯಲ್ಲಿತ್ತು ಅಂತ ಮೊದಲು ಕೇಳಬೇಕಿತ್ತು.

ಇದನ್ನು ಸರಿ ಮಾಡುವ ಕೆಲಸದಲ್ಲಿ ಭಾಷಣ ಇಲ್ಲ, ಮೆರವಣಿಗೆ ಇಲ್ಲ. ಕೂತು ಕಲಂ ಕಲಂ ನೋಡುವ ಕೆಲಸ. ನಿಮ್ಮ ಟೇಬಲ್ ಮೇಲಿರುವ ಪುಸ್ತಕಗಳ ವರ್ಷ ನೋಡಿ. ಭೂ ಕಂದಾಯ ಕಾಯ್ದೆ, 1964. ಪುರಸಭೆಗಳ ಕಾಯ್ದೆ, 1964. ಸಿವಿಲ್ ನ್ಯಾಯಾಲಯಗಳ ಕಾಯ್ದೆ, 1964. ಪೊಲೀಸ್ ಕಾಯ್ದೆ, 1963. ಅರಣ್ಯ ಕಾಯ್ದೆ, 1963. ರಾಜಭಾಷೆಯಾಗಿ ಕನ್ನಡ ತಂದ ಕಾಯ್ದೆ, 1963. ಮೊದಲು ಎಲ್ಲದರ ಹೆಸರಿನ ಮುಂದೆ "ಮೈಸೂರು" ಇತ್ತು, ಆಮೇಲೆ "ಕರ್ನಾಟಕ" ಆಯಿತು. ಇವೆಲ್ಲ ನಿಜಲಿಂಗಪ್ಪನವರ ಎರಡನೇ ಅವಧಿಯ ಕಾಯ್ದೆಗಳು. ಒಬ್ಬರೇ ಕೂತು ಬರೆದರು ಅಂತಲ್ಲ. ಕಾನೂನು ಇಲಾಖೆ, ಸದನ, ಆಯ್ಕೆ ಸಮಿತಿಗಳು, ನೂರಾರು ಜನರ ಕೆಲಸ ಅದು. ಆದರೆ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕೂತವರಿಗೆ ಇದು ಮುಖ್ಯ ಅಂತ ಅನಿಸದಿದ್ದರೆ ಇಷ್ಟು ಮಸೂದೆಗಳು ಎರಡು ಮೂರು ವರ್ಷದಲ್ಲಿ ಹೊರಬರುವುದಿಲ್ಲ. ಎಂದೋ ಒಂದು ದಿನ ಸರ್ಕಾರಿ ಮರ ಕಡಿಸಿ ಜೈಲಿಗೆ ಹೋದವರ ಕಾಲದಲ್ಲೇ ಇಡೀ ರಾಜ್ಯಕ್ಕೆ ಒಂದು ಅರಣ್ಯ ಕಾಯ್ದೆ ಬಂತು. ಇವತ್ತು ನಮ್ಮ ಚಿತ್ರದುರ್ಗ ನಗರಸಭೆ ನಡೆಯುವುದು ಆ 1964ರ ಕಾಯ್ದೆಯ ಕೆಳಗೆ. ನಿಮ್ಮಲ್ಲಿ ಯಾರಾದರೂ ವಾರ್ಡಿಗೆ ನಿಲ್ಲುವ ಯೋಚನೆ ಇಟ್ಟುಕೊಂಡಿದ್ದರೆ ಮೊದಲು ಅದನ್ನು ಓದಿ. ನಾಮಪತ್ರಕ್ಕೆ ಆಮೇಲೆ ಹೋಗಬಹುದು.

ಶರಾವತಿ ವಿದ್ಯುತ್ ಯೋಜನೆಯನ್ನು 1965ರ ಜನವರಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ನಾಡಿಗೆ ಅರ್ಪಿಸಿದ್ದು ಇದೇ ಅವಧಿಯಲ್ಲಿ. ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದದ್ದೂ ಆಗಲೇ. 1966ರಲ್ಲಿ ಮುಂಡಗೋಡಿನಲ್ಲಿ ಟಿಬೆಟಿಯನ್ನರಿಗೆ ನೆಲೆ ಸಿಕ್ಕಿತು. ಗಡಿ ವಿವಾದಕ್ಕೆ ಮಹಾಜನ ಆಯೋಗವೂ 1966ರದ್ದೇ. ಇವನ್ನೆಲ್ಲ ಪಠ್ಯಪುಸ್ತಕ ಹೇಳುತ್ತದೆ. ನಾನು ಮತ್ತೆ ಹೇಳುವುದಿಲ್ಲ.

ಎರಡನೇ ಅವಧಿ ಅಂದೆ. ಮೊದಲನೆಯದು ಹೇಗೆ ಮುಗಿಯಿತು, ನಡುವೆ ಏನಾಯಿತು ಅನ್ನುವುದನ್ನೂ ಹೇಳಬೇಕು. 1958ರಲ್ಲಿ ಸ್ವಂತ ಪಕ್ಷದ ಶಾಸಕರ ಭಿನ್ನಮತದಿಂದ ಕೆಳಗಿಳಿದರು. ಜಮಖಂಡಿಯ ವಕೀಲ ಜತ್ತಿಯವರು ಬಂದರು. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪ ನಮ್ಮ ಹೊಸದುರ್ಗದಿಂದ ನಿಂತರು. ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತರು. ಇಡೀ ರಾಜ್ಯಕ್ಕೆ ಮುಖ್ಯಮಂತ್ರಿ ಆಗಿದ್ದವರನ್ನು ಸ್ವಂತ ಜಿಲ್ಲೆ ಸೋಲಿಸಿತು. ಪಕ್ಷ ಗೆದ್ದಿತ್ತು, ನಾಯಕ ಸೋತಿದ್ದರು. ಹುನಗುಂದದ ಕಂಠಿಯವರು ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಆದರು. ಬಾಗಲಕೋಟೆಯ ಶಾಸಕ ಬಿ.ಟಿ. ಮುರನಾಳರು ತಮ್ಮ ಸೀಟು ಬಿಟ್ಟುಕೊಟ್ಟರು. ಅಲ್ಲಿಂದ ಗೆದ್ದು ಬಂದ ನಿಜಲಿಂಗಪ್ಪನವರಿಗೆ ಜೂನ್‌ನಲ್ಲಿ ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು.

ಕಂಠಿಯವರನ್ನು ಜನ ಭರತನಿಗೆ ಹೋಲಿಸುತ್ತಾರೆ, ಅದು ಅವರ ದೊಡ್ಡತನ. ನನಗೆ ಇಲ್ಲಿ ಹೊಸದುರ್ಗದವರೂ ದೊಡ್ಡವರಾಗಿ ಕಾಣುತ್ತಾರೆ. ದೊಡ್ಡ ಮನುಷ್ಯ, ನಮ್ಮ ಜಿಲ್ಲೆಯವನು ಅಂತ ಕಣ್ಣು ಮುಚ್ಚಿ ಮತ ಹಾಕಲಿಲ್ಲ. ಏಕೀಕರಣದ ಫಲ ಅಂತ ಒಂದನ್ನು ತೋರಿಸಿ ಅಂದರೆ ನಾನು ಬಾಗಲಕೋಟೆಯನ್ನು ತೋರಿಸುತ್ತೇನೆ. ಆರು ವರ್ಷದ ಹಿಂದೆ ಬೊಂಬಾಯಿ ರಾಜ್ಯದಲ್ಲಿದ್ದ ಊರು, ಚಿತ್ರದುರ್ಗದಲ್ಲಿ ಸೋತು ಬಂದವರನ್ನು ತಮ್ಮವರು ಅಂತ ಆರಿಸಿ ಕಳಿಸಿತು.

ನೀರಿನ ಮಾತು ಬಂದೇ ಬರುತ್ತದೆ. "ಅಷ್ಟು ವರ್ಷ ಮುಖ್ಯಮಂತ್ರಿ ಆಗಿದ್ದರು, ದುರ್ಗಕ್ಕೆ ಏನು ಮಾಡಿದರು?" ಅನ್ನುವ ಮಾತು ನೀವೂ ಕೇಳಿರುತ್ತೀರಿ, ಕೋರ್ಟಿನ ಕ್ಯಾಂಟೀನಿನಲ್ಲೂ ಕೇಳಿರುತ್ತೀರಿ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಆಯಿತು, ಕಾಲುವೆ ದಾವಣಗೆರೆ ಕಡೆ ಹರಿಯಿತು. ಅಲ್ಲಿ ಗದ್ದೆ, ತೋಟ ಎದ್ದವು. ಇತ್ತ ಚಳ್ಳಕೆರೆ, ಮೊಳಕಾಲ್ಮೂರು, ನಮ್ಮ ದುರ್ಗ ಒಣಗಿಯೇ ಉಳಿದವು. ಮಾರಿಕಣಿವೆ ಜಲಾಶಯ ಬಿಟ್ಟರೆ ನಮಗೆ ಬೇರೆ ದೊಡ್ಡ ಆಸರೆ ಇರಲಿಲ್ಲ. ಆ ಸಿಟ್ಟು ಸುಳ್ಳಲ್ಲ. ನನಗೂ ಅದು ಇದೆ. ತನ್ನ ಊರಿಗೇ ಎಲ್ಲ ಎಳೆದುಕೊಳ್ಳದವರು ಅಂತ ಹೊಗಳಿಬಿಡುವುದು ಸುಲಭ. ಆದರೆ ಬಾಯಾರಿದ ಊರಿಗೆ ಆ ಹೊಗಳಿಕೆಯಿಂದ ಏನೂ ಆಗುವುದಿಲ್ಲ. ಈ ವಿಷಯದಲ್ಲಿ ಅವರು ಜಿಲ್ಲೆಗೆ ಇನ್ನೂ ಜಾಸ್ತಿ ಹಟ ಹಿಡಿಯಬೇಕಿತ್ತು.

1968ರಲ್ಲಿ ಅವರು ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರಾದರು. ಇಲ್ಲಿ ವೀರೇಂದ್ರ ಪಾಟೀಲರು ಮುಖ್ಯಮಂತ್ರಿ ಆದರು. ಮುಂದಿನ ವರ್ಷದ ಕಥೆಯನ್ನು ನೀವು ಬೇರೆ ಬೇರೆ ರೀತಿ ಕೇಳಿರುತ್ತೀರಿ. ನಾನು ಅದನ್ನು ಒಂದು ಮೊಕದ್ದಮೆಯ ಕಡತ ಓದಿದ ಹಾಗೆ ಓದುತ್ತೇನೆ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಸಮಾವೇಶ. ಪಕ್ಷದ ಸಂಸದೀಯ ಮಂಡಳಿ ಬಹುಮತದಿಂದ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅದು ಒ‌ಪ್ಪಿಗೆ ಇರಲಿಲ್ಲ. ಜುಲೈ 19ಕ್ಕೆ ಬ್ಯಾಂಕುಗಳ ರಾಷ್ಟ್ರೀಕರಣ ಬಂತು. ಜನರ ಮನಸ್ಸು ಅತ್ತ ತಿರುಗಿತು. ವಿ.ವಿ. ಗಿರಿ ಸ್ವತಂತ್ರರಾಗಿ ನಿಂತರು. ಸಂಜೀವ ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯದ ಮತ ಕೊಡಿ ಅಂತ ನಿಜಲಿಂಗಪ್ಪ ಜನಸಂಘ, ಸ್ವತಂತ್ರ ಪಕ್ಷದ ನಾಯಕರ ಜೊತೆ ಮಾತಾಡಿದರು. ಆ ಭೇಟಿಯನ್ನೇ ಹಿಡಿದು ಎದುರು ಪಾಳಯ "ಆತ್ಮಸಾಕ್ಷಿ ಮತ" ಕೇಳಿತು, ಅಂದರೆ ಪಕ್ಷದ ಮಾತು ಬಿಟ್ಟು ಮನಸ್ಸಿಗೆ ಸರಿ ಕಂಡವರಿಗೆ ಮತ. ಆಗಸ್ಟ್ 20ಕ್ಕೆ ಫಲಿತಾಂಶ. ಕೊನೆಯ ಎಣಿಕೆಯಲ್ಲಿ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮತಮೌಲ್ಯ. ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಕಾರ್ಯಕಾರಿ ಸಮಿತಿ ದೇಶದ ಪ್ರಧಾನಿಯನ್ನು ಪಕ್ಷದಿಂದ ಹೊರಹಾಕಿತು. ಕಾಂಗ್ರೆಸ್ ಎರಡಾಯಿತು: ಒಂದು ಇಂದಿರಾ ಅವರದು, ಇನ್ನೊಂದು ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್.

ಅವರ ವಾದ ಸರಳ. ಪಕ್ಷಕ್ಕೆ ಒಂದು ಸಂವಿಧಾನ ಇದೆ. ಅದರ ಪ್ರಕಾರ ಮಂಡಳಿ ಕೂತು ಅಭ್ಯರ್ಥಿಯನ್ನು ಆರಿಸಿದೆ. ಪಕ್ಷದ ನಾಯಕಿಯೇ ಅದಕ್ಕೆ ವಿರುದ್ಧ ನಡೆದರೆ ಅದು ಶಿಸ್ತಿನ ಉಲ್ಲಂಘನೆ. ನೋಟಿಸ್ ಕೊಟ್ಟಾಯಿತು, ಉತ್ತರ ಬಂದಾಯಿತು, ಆದೇಶ ಆಯಿತು. ಕಡತ ನೋಡಿದರೆ ಎಲ್ಲ ಕ್ರಮಬದ್ಧವಾಗಿ ಕಾಣುತ್ತದೆ. ಆದರೆ ಹೊರಗೆ ಜನ ಕೇಳುತ್ತಿದ್ದ ಪ್ರಶ್ನೆಯೇ ಬೇರೆ. ಬ್ಯಾಂಕಿನ ಬಾಗಿಲು ಬಡವನಿಗೆ ತೆರೆಯುತ್ತದಾ? ತುರುವನೂರಿನ ಕೂಲಿಯವನ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಒಂದು ಕಾಲದಲ್ಲಿ ಕೇಳಿದ್ದವರಿಗೆ ಈ ಪ್ರಶ್ನೆ ತಿಳಿಯದ್ದೇನಲ್ಲ. ಆದರೆ ಆ ಹೊತ್ತಿನಲ್ಲಿ ಅವರು ಅದಕ್ಕೆ ಉತ್ತರ ಹೇಳಲಿಲ್ಲ, ನಿಯಮ ಹೇಳಿದರು. ಈ ಭಾಗ ಓದುವಾಗ ನನಗೆ ಪ್ರತಿ ಸಲ ಸಂಕಟ ಆಗುತ್ತದೆ. ಅಷ್ಟು ವರ್ಷ ಜನರ ನಡುವೆ ಇದ್ದವರು ಕೊನೆಗೆ ಸಮಿತಿಯ ಕೋಣೆಯೊಳಗೆ ಉಳಿದುಬಿಟ್ಟರು.

1971ರ ಚುನಾವಣೆಯಲ್ಲಿ ನಮ್ಮ ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಅವರ ಕಾಂಗ್ರೆಸ್ಸಿಗೆ ಹೋದವು. ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿಗೆ ಇಡೀ ದೇಶದಲ್ಲಿ ಸಿಕ್ಕಿದ್ದು 16. ಅವರ ಮಂತ್ರಿಮಂಡಲದಲ್ಲಿ ಇದ್ದ ದೇವರಾಜ ಅರಸು ಅವರೇ ಇಲ್ಲಿ ಆ ಗೆಲುವಿನ ಮುಂದಾಳು. ವೀರೇಂದ್ರ ಪಾಟೀಲರ ಸರ್ಕಾರವೂ ಆ ಮಾರ್ಚ್‌ನಲ್ಲಿ ಬಿತ್ತು.

ಆಮೇಲೆ ಅವರು ನಿಧಾನವಾಗಿ ಅಧಿಕಾರ ರಾಜಕಾರಣದಿಂದ ಹಿಂದೆ ಸರಿದರು. ಸರ್ದಾರ್ ಪಟೇಲ್ ಸ್ಮಾರಕದ ಕೆಲಸ ನೋಡಿಕೊಂಡರು, ಆತ್ಮಕಥೆ ಬರೆದರು. 2000ದ ಆಗಸ್ಟ್ 8ರಂದು ಇದೇ ಚಿತ್ರದುರ್ಗದಲ್ಲಿ ತೀರಿಕೊಂಡರು. ಆಗ ವಯಸ್ಸು 97. ಊರ ಹೊರಗೆ ಸೀಬಾರದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಅವರ ಸ್ಮಾರಕ ಇದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಜೆ.ಎಚ್. ಪಟೇಲರೂ ಹೋದರು. ಕಾರಿಗನೂರಿನವರು, ಅವರೂ ಲಾ ಓದಿದವರು. ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತಾಡಿದವರು. ಚಿತ್ರದುರ್ಗದಿಂದ ದಾವಣಗೆರೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಅವರ ಕಾಲದಲ್ಲಿ. ಅವರ ಬಗ್ಗೆ ಹೇಳಲು ಇನ್ನೊಂದು ದಿನವೇ ಬೇಕು.

ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಸರ್, ಜನ ಅವರ ಕಡೆ ಇರಲಿಲ್ಲ, ಸರಿ. ಕಾನೂನಾದರೂ ಅವರ ಕಡೆ ಇತ್ತಾ?" ಆ ದಿನದ ಒಳ್ಳೆಯ ಪ್ರಶ್ನೆ ಅದು. ಅದಕ್ಕೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ಪಕ್ಷ ಒಡೆದ ಮೇಲೆ ಕಾಂಗ್ರೆಸ್ಸಿನ ಚುನಾವಣಾ ಚಿಹ್ನೆಯಾಗಿದ್ದ ಜೋಡೆತ್ತಿನ ಗುರುತು ಯಾರದ್ದು ಅನ್ನುವ ಜಗಳ ಚುನಾವಣಾ ಆಯೋಗಕ್ಕೆ ಹೋಯಿತು. 1968ರ ಚಿಹ್ನೆಗಳ ಆದೇಶದ 15ನೇ ಪ್ಯಾರಾದ ಕೆಳಗೆ ಆಯೋಗ ವಿಚಾರಣೆ ಮಾಡಿತು. ಸಂಸ್ಥಾ ಕಾಂಗ್ರೆಸ್ಸಿನವರು ಪಕ್ಷದ ಸಂವಿಧಾನ ತೋರಿಸಿದರು. ಚುನಾಯಿತ ಅಧ್ಯಕ್ಷರು ನಮ್ಮವರು, ಕಾರ್ಯಕಾರಿ ಸಮಿತಿ ನಮ್ಮದು ಅಂದರು. ಆಯೋಗ ಆ ಅಳತೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಅಂತ ಬಿಟ್ಟು, ಸಂಸದರು, ಶಾಸಕರು, ಪಕ್ಷದ ಪ್ರತಿನಿಧಿಗಳಲ್ಲಿ ಯಾರ ಕಡೆ ಬಹುಮತ ಅಂತ ನೋಡಿತು. ಜಗಜೀವನ್ ರಾಂ ಅಧ್ಯಕ್ಷರಾಗಿದ್ದ ಇಂದಿರಾ ಅವರ ಬಣವೇ ಕಾಂಗ್ರೆಸ್ ಅಂತ 1971ರ ಜನವರಿಯಲ್ಲಿ ಹೇಳಿತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. ತಡೆ ಬಂದದ್ದರಿಂದ ಆ ಚುನಾವಣೆಯಲ್ಲಿ ಜೋಡೆತ್ತು ಯಾರಿಗೂ ಸಿಗಲಿಲ್ಲ, ಇಂದಿರಾ ಅವರ ಪಕ್ಷ ಹಸು ಕರುವಿನ ಗುರುತಿನಲ್ಲಿ ನಿಂತಿತು. ಅದೇ ವರ್ಷ ನವೆಂಬರ್‌ನಲ್ಲಿ, ಸಂಸ್ಥಾ ಕಾಂಗ್ರೆಸ್ಸಿನ ಸಾದಿಕ್ ಅಲಿಯವರ ಹೆಸರಿನ ಆ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಆಯೋಗದ ಅಳತೆಯನ್ನೇ ಒಪ್ಪಿತು.

ಹಾಗಾದರೆ ನಿಜಲಿಂಗಪ್ಪನವರ ಉಚ್ಚಾಟನೆ ಆದೇಶ ಪಕ್ಷದ ನಿಯಮದ ಪ್ರಕಾರ ತಪ್ಪು ಅಂತ ಕೋರ್ಟು ಹೇಳಿತಾ? ಆ ಪ್ರಶ್ನೆಗೆ ತೀರ್ಪು ಕೊಟ್ಟು ಗೆಲ್ಲಿಸಲೂ ಇಲ್ಲ, ಸೋಲಿಸಲೂ ಇಲ್ಲ. ಗುರುತು ಕೊಡುವುದಕ್ಕೆ ಅದು ಮುಖ್ಯ ಅಲ್ಲ, ತಲೆ ಎಣಿಕೆ ಮುಖ್ಯ ಅಂದಿತು. 2023ರಲ್ಲಿ ಶಿವಸೇನೆಯ ಬಿಲ್ಲು ಬಾಣ, 2024ರಲ್ಲಿ ಎನ್‌ಸಿಪಿಯ ಗಡಿಯಾರ ಯಾರದ್ದು ಅಂತ ಆಯೋಗ ತೀರ್ಮಾನ ಮಾಡಿದಾಗಲೂ ಅದೇ ಸಾದಿಕ್ ಅಲಿ ತೀರ್ಪಿನ ದಾರಿ ಹಿಡಿಯಿತು. ಪಕ್ಷದ ಒಳಗಿನ ನಿಯಮಕ್ಕೆ ಬೆಲೆ ಎಷ್ಟು ಅನ್ನುವ ನಿಜಲಿಂಗಪ್ಪನವರ ಪ್ರಶ್ನೆ ಇನ್ನೂ ಕೋರ್ಟಿನ ಮುಂದೆ ಬರುತ್ತಲೇ ಇದೆ.

ಆ ತೀರ್ಪನ್ನು ಮೊದಲಿನಿಂದ ಕೊನೆವರೆಗೆ ಕೂತು ಓದೋಣ ಅಂತ ಕೆಲವು ಜೂನಿಯರ್‌ಗಳು ಅಲ್ಲೇ ಹೆಸರು ಬರೆಸಿದರು. ಪ್ರಶ್ನೆ ಕೇಳಿದ ಹುಡುಗಿಯ ಹೆಸರು ಪಟ್ಟಿಯಲ್ಲಿ ಮೊದಲನೆಯದು. ಮುಂದಿನ ತಿಂಗಳು ಕೋರ್ಟು ರಜೆಯಿರುವ ಒಂದು ಶನಿವಾರ ಕೂರುತ್ತೇವೆ. 1964ರ ಪುರಸಭೆಗಳ ಕಾಯ್ದೆಯ ಒಂದು ಪ್ರತಿಯನ್ನೂ ಜೊತೆಗೆ ತನ್ನಿ ಅಂತ ಹೇಳಿದ್ದೇನೆ.